ಅಜ್ಜಿ ಕೂತ ಚಪ್ಪಡಿ

ಲೇಸರ್ ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಓದಿದ್ದೆ. ಅದರೆದುರು ಜನ ಏನು ಮಾಡುತ್ತಾರೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅಳತೆಗೆಂದು ಅದನ್ನು ಹೊತ್ತು ಹೋದಲ್ಲೆಲ್ಲ ಏನಾದರೊಂದು ಆಗುತ್ತದೆ. ತಿಗನಾರೆ ಕಡೆಯ ಹಳೇ ಈಶ್ವರನ ಗುಡಿಯಲ್ಲಿ ಒಂದೇ ದಿನ ಮೂರಾಯಿತು.

ಗುಡಿಯ ಕಲ್ಲುಗಳನ್ನು ಯಂತ್ರದಲ್ಲಿ ಅಳೆದು, ಬಿಚ್ಚಿ, ಮತ್ತೆ ಜೋಡಿಸಬೇಕಿತ್ತು. ಮಂಟಪದ ಒಂದು ಚಪ್ಪಡಿ ಬಿರುಕು ಬಿಟ್ಟಿದ್ದರಿಂದ ನಮ್ಮ ಎಂಜಿನಿಯರು ಅದನ್ನು ಬದಲಿಸುವ ಪಟ್ಟಿಗೆ ಸೇರಿಸಿದ್ದರು. ಇದನ್ನು ಕೇಳಿದ ಗಳಿಗೆಯಿಂದ ಗುಡಿ ಗುಡಿಸುವ ಅಜ್ಜಿ ಅದರ ಮೇಲೆ ಕೂತವಳು ಏಳಲಿಲ್ಲ.

೧. ಗುಂಡು

ಅಳತೆ ಹೊಂದಿಸಲು ಅಲ್ಲಲ್ಲಿ ಬಿಳಿ ಗುಂಡುಗಳನ್ನಿಡುತ್ತೇವೆ. ಮುಟ್ಟಬೇಡಿ ಎಂದು ಹೇಳಿ ತಿಂಡಿಗೆ ಹೋದೆ. ಬರುವಷ್ಟರಲ್ಲಿ ಎಲ್ಲಕ್ಕೂ ವಿಭೂತಿಯ ಮೂರು ಪಟ್ಟೆ.

ಪೂಜೆಯ ತಮ್ಮಡಿ ಹೇಳಿದ: "ಗುಡಿ ಒಳ್ಗೆ ಗುಂಡು ಮಡಗ್ಬುಟ್ಟು ಓದ್ರಿ. ಬರೀ ಅಣೇಲಿ ಬುಡಕಾಯ್ತದಾ, ಸಾ?"

"ಮುಟ್ಟಬೇಡಿ ಅಂದಿದ್ದೆನಲ್ಲ?"

"ಮಡೀಲೇ ಮುಟ್ಟಿವ್ನಿ, ಸಾ."

೨. ಬಾಗಿಲು

ಯಂತ್ರ ತಿರುಗುವಾಗ ಎದುರು ಓಡಾಡಿದರೆ ಚಿತ್ರ ಕೆಡುತ್ತದೆ ಎಂದೆ. ಕೂಲಿಗೆ ಹೊರಟವರು ತಲೆ ಬಾಚಿಕೊಂಡು ಬಂದು, ಗುಡಿಯ ಬಾಗಿಲ ಮುಂದೆ ಸಾಲಾಗಿ, ಉಸಿರು ಬಿಗಿಹಿಡಿದು ನಿಂತರು. ಚಿತ್ರದಲ್ಲಿ ಬಾಗಿಲೇ ಇಲ್ಲ.

"ಬಾಗಿಲೆಲ್ಲಿ?" ಎಂದು ಗದರಿದೆ.

"ನಮ್ಮ ಇಂದ್ಗಡೆನೇ ಅದೆ, ಸಾ. ಅದೆಲ್ಗೋದದು?"

೩. ಚಪ್ಪಡಿ

ಅಳೆಯದ ಕಲ್ಲನ್ನು ಎತ್ತುವಂತಿಲ್ಲ. ಈ ನಿಯಮವನ್ನು ಜಂಬದಿಂದ ಊರಿಗೆಲ್ಲ ಹೇಳಿದವನು ನಾನೇ.

"ಅಜ್ಜಿ, ಒಂದು ಗಳಿಗೆ ಏಳಿ."

"ನಾ ಎದ್ರೆ ನಿನ್ ಮಿಸೀನು ನೋಡ್ಬುಡ್ತದೆ. ಅದು ನೋಡುದ್ರೆ ನೀ ಎತ್ಬುಡ್ತೀಯ."

ಯಂತ್ರ ನಿಲ್ಲಿಸಿ ಅವಳೆದುರು ಕುಕ್ಕರುಗಾಲಲ್ಲಿ ಕೂತೆ. "ಆ ಕಲ್ಲಲ್ಲಿ ಏನಿದೆ?" ಎಂದೆ.

ಅಜ್ಜಿ ಸೆರಗು ಸರಿಸಿದಳು. ಸವೆದ ಹುಲಿ-ಕುರಿ ಆಟದ ಮನೆ. "ನಮ್ಮೆಜಮಾನ್ರು ಕೊರ್ದದ್ದು. ಸಾಯಂಕಾಲ ಇಬ್ರೂ ಆಡ್ತಿದ್ದೋ. ಅವ್ರು ಓದ್ಮೇಲೆ ಸುಮ್ನೆ ಬಂದು ಕೂತ್ಕತೀನಿ."

ನಾನು ಭಾವುಕನಲ್ಲ. ಎಂಜಿನಿಯರಿಗೆ ಫೋನ್ ಮಾಡಿ, ಕಲ್ಲಲ್ಲಿ ಕೆತ್ತನೆ ಇದೆ ಎಂದಷ್ಟೇ ಹೇಳಿದೆ. ಬಿರುಕು ಮುಚ್ಚಿ ಅದನ್ನೇ ಕೂರಿಸೋಣ ಎಂದರು. ಅದನ್ನು ಕೇಳಿಸಿಕೊಂಡ ಮೇಲೆಯೇ ಅಜ್ಜಿ ಎದ್ದದ್ದು.

ಅಳೆದು ತೆರೆಯ ಮೇಲೆ ತೋರಿಸಿದೆ. ಕಣ್ಣಿಗೆ ಕಾಣದ ಗೆರೆಗಳೂ ಅದರಲ್ಲಿ ಎದ್ದು ಕಾಣುತ್ತವೆ. ಅಜ್ಜಿ ಒಂದೊಂದನ್ನೂ ಬೆರಳಲ್ಲಿ ಸವರುತ್ತಾ ಬಂದು, ಆಟದ ಮನೆಯ ಒಂದು ಮೂಲೆಯಲ್ಲಿ ಬೆರಳು ನಿಲ್ಲಿಸಿದಳು. ಅಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಇನ್ನೊಂದು ಗೆರೆ.

"ಈ ದಾರಿ ಇರಾಂಗಿಲ್ವಲ್ಲಾ! ಅದ್ಕೇ ಕಣ, ಅವ್ರ ಉಲಿ ಒಂದಿನಾನೂ ಸಿಕ್ಕಾಕೊಳ್ನಿಲ್ಲ! ನಲ್ವತ್ತು ವರ್ಸ ಸೋತ್ನಲ್ಲಪ್ಪ!"

ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

"ಈಗಲೂ ಆ ಕಲ್ಲು ಉಳಿಸಬೇಕಾ, ಅಜ್ಜಿ?"

"ಮಡಗು," ಎಂದಳು, ಮತ್ತೆ ಅದರ ಮೇಲೆಯೇ ಕೂರುತ್ತಾ. "ಮೇಲೋದಾಗ ಕೇಳ್ಬೇಕು. ಸಾಕ್ಸಿ ಬ್ಯಾಡ್ವಾ?"