ಮಾವನವರ ಭೂಗೋಳ, ನಮ್ಮನೆಯ ಜನಬಲ

ನಮ್ಮ ಮಾವನವರ ಕೈಗೆ ಒಂದು ಸಣ್ಣ ಸೈನ್ಯ ಸಿಕ್ಕಿದ್ದರೆ ಇಷ್ಟೊತ್ತಿಗೆ ಹೊಳಲ್ಕೆರೆಯನ್ನು ಹಿರಿಯೂರಿಗೆ ಸೇರಿಸಿಕೊಂಡುಬಿಡುತ್ತಿದ್ದರು! ಸದ್ಯ, ದೇವರು ಅವರಿಗೆ ಕೊಟ್ಟದ್ದು ಹಿರಿಯೂರಿನಲ್ಲೊಂದು ತೆಂಗಿನಕಾಯಿ ಮಂಡಿ, ಒಬ್ಬಳೇ ಮಗಳು. ಆ ಮಗಳನ್ನು ಹೊಳಲ್ಕೆರೆಯ ನಾನು ಮದುವೆಯಾದೆ.

ಹೆಣ್ಣು ನೋಡಲು ಹೋದ ದಿನ ಅವರು ನನ್ನ ಸಂಬಳ ಕೇಳಲಿಲ್ಲ. "ನಿಮ್ಮೂರಾಗೆ ಹೈವೇ ಐತೇನಪ್ಪ?" ಎಂದರು.

"ರೈಲ್ವೆ ಸ್ಟೇಷನ್ ಐತ್ರಿ" ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ರಷ್ಯಾದ ಪಾಡು ನಿಮ್ದು. ನೆಲ ಬೇಕಾದಷ್ಟು, ಸರಕು ಹೊರಗೆ ಸಾಗ್ಸಾಕೆ ಸಲೀಸಾದ ದಾರಿ ಇಲ್ಲ. ಅದ್ಕೇ ಅವ್ರು ಹಿಮ ಕಟ್ಟದ ಬಂದರಿಗೆ ಒದ್ದಾಡದು."

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಸುಮ್ಮನಿರಲಾದೀತೇ? ಕಾಫಿ ತಂದ ಹುಡುಗಿಯನ್ನು ನೋಡುವುದು ಬಿಟ್ಟು ರಷ್ಯಾದ ಪರ ವಾದಿಸಿದ ವರ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು! ಆಕೆ ಅದು ಹೇಗೆ ಒಪ್ಪಿದಳೋ ಇಂದಿಗೂ ಕೇಳುವ ಧೈರ್ಯ ಬಂದಿಲ್ಲ.

ಮದುವೆಯಾದ ಮೇಲೆ ಅವರ ಮನೆಯ ಜಗಲಿಯ ಮೇಲೆ ತೆಂಗಿನಕಾಯಿ ಜೋಡಿಸಿ ನನಗೆ ಪಾಠ ಶುರುವಾಯಿತು. "ನೋಡ್ರಿ ಅಳಿಯಂದ್ರೆ, ಇದು ಅಮೆರಿಕಾ. ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ, ಮನೆ ಬಾಗ್ಲಿಗೆ ಬಂದು ಜಗಳ ತೆಗೆಯೋರಿಲ್ಲ. ಇದು ಚೀನಾ. ಎತ್ತ ತಿರುಗಿದ್ರೂ ಒಬ್ಬ ನೆರೆಯವ. ಮೇಲಾಗಿ ಮಕ್ಕಳು ಕಮ್ಮಿ ಆಗ್ತಾವೆ." ಅಷ್ಟರಲ್ಲಿ ನನ್ನ ಹೆಂಡತಿ ಬಂದು ಒಂದು ಕಾಯಿ ಎತ್ತಿಕೊಂಡು ಹೋದಳು.

"ಲೇ, ಅದು ಜಪಾನು ಕಣಮ್ಮ!"

"ಚಟ್ನಿಗೆ ಬೇಕಪ್ಪ."

"ಹೋಗ್ಲಿ ಬಿಡು, ಅಲ್ಲಿ ಹೆಂಗೂ ಮುದುಕ್ರೇ ಜಾಸ್ತಿ."

ಹೀಗೆ ನಗುನಗುತ್ತಿದ್ದ ನಮ್ಮಿಬ್ಬರ ನಡುವೆ ನಿಜವಾದ ಯುದ್ಧ ಬಂದದ್ದು ಹೆಂಡತಿ ಗರ್ಭಿಣಿಯಾದಾಗ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಆದರೆ ಅತ್ತೆಯವರು ನಮ್ಮ ಮದುವೆಗೂ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ಹೊಳಲ್ಕೆರೆಯಲ್ಲೇ ಆಗಲಿ ಎಂಬುದು ನನ್ನ ವಾದ. ಹೆಂಡತಿಯನ್ನು ಕೇಳಿದರೆ, "ಅಪ್ಪನ ಹತ್ರ ನೀವೇ ಮಾತಾಡಿ" ಎಂದು ಮುಖ ಬೇರೆ ಕಡೆ ತಿರುಗಿಸಿದಳು. ನಾನು ಅವ್ವನನ್ನು ಕರೆದುಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಭಾಷಣ ಅಭ್ಯಾಸ ಮಾಡಿದೆ. ಮುಂದಿನ ಸೀಟಿನಾಕೆ ಹುಚ್ಚನೆಂದುಕೊಂಡು ಜಾಗ ಬದಲಿಸಿದಳು.

ಮಾವನವರು ಸಿದ್ಧರಾಗಿಯೇ ಇದ್ದರು. "ಇಲ್ಲಿ ಹೈವೇ ಐತೆ, ಆಸ್ಪತ್ರೆ ಹತ್ರ. ಹೆಚ್ಚುಕಮ್ಮಿ ಆದ್ರೆ ಐಮಂಗಲ ದಾಟಿದ್ರೆ ದುರ್ಗದ ದೊಡ್ಡಾಸ್ಪತ್ರೆ. ಜಾಗ ಅಂದ್ರೆ ಹಿಂಗಿರ್ಬೇಕು."

"ಕೊನೆಗೆ ಗೆಲ್ಲೋದು ಜನಸಂಖ್ಯೆ ಅಂತ ನೀವೇ ಹೇಳ್ತೀರಲ್ಲ ಮಾವ? ನಮ್ಮನೇಲಿ ಅವ್ವ, ಅಜ್ಜಿ, ಅಕ್ಕ, ಚಿಕ್ಕಮ್ಮ ಅವ್ರೆ. ಇಲ್ಲಿ ಬಾಣಂತಿಗೆ ನೀರು ಹಾಕೋರು ಯಾರು, ನಿಮ್ಮ ಹೈವೇನಾ?"

ಎಂಥ ಏಟು! ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ. ಮಾವನವರು ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದರು, ಬಿಚ್ಚಿ ಮತ್ತೆ ಮಡಿಸಿದರು.

"ನಿಜ ಕಣಪ್ಪ. ಅವಳಮ್ಮ ಒಬ್ಳೇ ಹೆಂಗಸು ಇದ್ದದ್ದು ಈ ಮನ್ಯಾಗೆ" ಎಂದರು. ಆಮೇಲೆ ಮೆಲ್ಲಗೆ, "ತವರು ಅಂದ್ರೆ ತಾಯಿ ಒಬ್ಳೇ ಏನು? ನಾನಿಲ್ವಾ?"

ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದ ಭಾಷಣವನ್ನು ಅಲ್ಲಿಗೇ ಕೈಬಿಟ್ಟು ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

ಬೀಗರ ಮನೆಯಲ್ಲಿ ಒಂದು ರಾತ್ರಿಯೂ ತಂಗದ ನಮ್ಮವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಿಮ್ಮ ರಷ್ಯಾ ಅಮೆರಿಕಾ ಆಮೇಲೆ ನೋಡ್ಕಳ್ರಿ. ಬಾಣಂತನ ಇಲ್ಲೇ. ನಾನೇ ಬಂದು ಇರ್ತೀನಿ. ನೀರು ಕಾಯ್ಸೋ ಹಂಡೆ ಎಲ್ಲೈತೆ, ತೋರ್ಸ್ರಿ."

ಮಾವನವರು ಹಿತ್ತಲ ಬಚ್ಚಲುಮನೆಯ ಬಾಗಿಲು ತೆರೆದರು. ತಾಮ್ರದ ದೊಡ್ಡ ಹಂಡೆಯನ್ನು ಆಗಲೇ ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಲೆಯ ಪಕ್ಕ ಸೌದೆ ಒಟ್ಟಿ, ಬಾಣಂತಿ ಕೂರುವ ಮಣೆಯನ್ನು ತೊಳೆದು ಗೋಡೆಗೆ ಒರಗಿಸಿ ಇಟ್ಟಿದ್ದರು.