ಕಾಕುವಿನ ಸೆರಗು, ಕಾಕಾನ ಚಂದ್ರ

ಚಂದ್ರನ ಬಣ್ಣ ಸರಿ ಮಾಡುವ ಗುತ್ತಿಗೆಯನ್ನು ದೇವರು ನಮ್ಮ ಕಾಕಾನಿಗೆ ಕೊಟ್ಟಿದ್ದ. ಹಾಗಂತ ಕಾಕಾ ತಿಳಿದುಕೊಂಡಿದ್ದ. ದೇವರನ್ನು ಕೇಳಿದವರು ಯಾರು?

ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಕಾ, ಎಂಬತ್ತರ ದಶಕದ ಶುರುವಿನಲ್ಲಿ ಒಂದು ದುರ್ಬೀನು ಕಟ್ಟಿದ. ಗಾಜು ಎಲ್ಲಿಯದೋ, ಕೊಳವೆ ಮಾತ್ರ ನಮ್ಮ ಬಚ್ಚಲಿನದು! ಅದರ ಬಾಲಕ್ಕೆ ಕ್ಯಾಮೆರಾ ಬಿಗಿದು, ಮಾಳಿಗೆ ಏರಿ ಚಂದ್ರನ ಫೋಟೋ ಹೊಡೆದ. ಬಂದದ್ದು ಚಂದ್ರನೇ, ಆದರೆ ಸುತ್ತಲೂ ನೇರಳೆ ಅಂಚು. ಇಳಕಲ್ಲಿನಲ್ಲಿ ಅಂಚಿಲ್ಲದ್ದು ಏನಿದೆ ಎಂದು ಬೇರೆಯವರಾದರೆ ಸುಮ್ಮನಾಗುತ್ತಿದ್ದರು. ಅಗ್ಗದ ಗಾಜು ಎಲ್ಲ ಬಣ್ಣವನ್ನೂ ಒಂದೇ ಕಡೆ ಕೂಡಿಸುವುದಿಲ್ಲ, ಅದಕ್ಕೇ ಈ ಅಂಚು ಎಂದು ಕಾಕಾ ಊಟದ ತಾಟಿನ ಮುಂದೆ ಪಾಠ ಹೇಳಿದ. ಎಲ್ಲರ ಸಾರೂ ಆರಿಹೋಯಿತು. ಕೊನೆಗೆ ಮಿಠಾಯಿ ಪೊಟ್ಟಣದ ಹಳದಿ ಜಿಲೇಟಿನ್ ಕಾಗದವನ್ನು ಗಾಜಿನ ಮುಂದೆ ಅಂಟಿಸಿದ. ನೇರಳೆ ಹೋಯಿತು. ಚಂದ್ರ ಮೈತುಂಬ ಅರಿಸಿನ ಹಚ್ಚಿಕೊಂಡು ಬಂದ.

"ಕಾಮಣಿ ಆಗೇತಿ ಅವಗ. ಔಷಧ ಕೊಡಸ್ರಿ," ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು.

ಈಗ ಹಳದಿ ತೆಗೆಯಬೇಕು. ಬಾಗಲಕೋಟೆಯ ಸ್ಟುಡಿಯೋದವನು ಕಲರ್ ರೋಲನ್ನು ಹುಬ್ಬಳ್ಳಿಗೆ ಕಳಿಸಿ ಪ್ರಿಂಟ್ ಹಾಕಿಸುತ್ತಿದ್ದ. ಚಂದ್ರನ ಖರೆ ಬಣ್ಣ ಅಲ್ಲಿ ಯಾರಿಗೂ ಗೊತ್ತಿಲ್ಲವೆಂದು ಕಾಕಾ ಒಂದು ಉಪಾಯ ಹೂಡಿದ. ಪ್ರತಿ ರೋಲಿನ ಮೊದಲ ಫೋಟೋಕ್ಕೆ ಕಾಕು ತನ್ನ ಮದುವೆಯ ಇಳಕಲ್ ಸೀರೆ ಉಟ್ಟು, ಕೆಂಪು ಸೆರಗು ಹರಡಿ ಅಂಗಳದಲ್ಲಿ ನಿಲ್ಲಬೇಕು. ಅದೇ ಹಳದಿ ಕಾಗದದ ಮೂಲಕ ಅವಳ ಫೋಟೋ. ಸೆರಗಿನ ಕೆಂಪು ಸರಿ ಬರುವಂತೆ ಪ್ರಿಂಟ್ ಹಾಕಿದರೆ, ಅದೇ ಲೆಕ್ಕದಲ್ಲಿ ರೋಲಿನ ಮುಂದಿನ ಚಂದ್ರರೆಲ್ಲ ಸರಿಬರುತ್ತಾರಂತೆ!

"ಇಡೀ ರೋಲಿನ್ಯಾಗ ನಂದೊಂದ ಫೋಟೋ. ಅದೂ ಸೀರಿ ಸಲುವಾಗಿ!"

"ಅಲ್ಲಾಡಬ್ಯಾಡ. ಮಾರಿ ಬರದಿದ್ರೂ ನಡೀತೈತಿ, ಸೆರಗು ಬರಬೇಕು."

ಹೆಂಡತಿಗೆ ಹೀಗೆ ಹೇಳುವ ಗಂಡನನ್ನು ನೀವು ನೋಡಿದ್ದೀರಾ? ನಾನು ವರ್ಷಗಟ್ಟಲೆ ನೋಡಿದ್ದೇನೆ.

ಅಷ್ಟರಲ್ಲಿ ಬಾಗಲಕೋಟೆಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ಬಂತು. "ಬಾಗಲಾ ಎದುರಿನ ಗ್ವಾಡಿ ನನಗ ಬಿಡ್ರಿ, ಚಂದ್ರನ ಖರೆ ಬಣ್ಣ ತೋರಸ್ತೇನಿ," ಎಂದು ಕಾಕಾ ಹೆಡ್‌ಮಾಸ್ತರರಿಗೆ ಮಾತು ಕೊಟ್ಟ. ಮಾತಿಗೇನು ಬರ! ಬಾಗಲಕೋಟೆಯಲ್ಲಿ ನೌಕರಿಗಿದ್ದ ನನಗೆ ಸ್ಟುಡಿಯೋಕ್ಕೆ ಅಲೆಯುವ ಶಿಕ್ಷೆ. ಪ್ರಿಂಟ್ ಬಂದಾಗಲೆಲ್ಲ ಕಾಕಾನದು ಒಂದೇ ತಕರಾರು: "ಸೆರಗು ಸಪ್ಪಗ ಬಂದೈತಿ. ಕೆಂಪು ಏರಸಂತ ಹೇಳು." ಏರಿಸಿದರು. ಮತ್ತೆ ಏರಿಸಿದರು. ಪ್ರದರ್ಶನದ ಹಿಂದಿನ ದಿನ ಬಂದ ಚಂದ್ರ ದಾಳಿಂಬೆ ಹಣ್ಣಾಗಿದ್ದ! ಅಷ್ಟಾದರೂ ಸೆರಗು ಇನ್ನೂ ಚೂರು ಕಡಿಮೆಯೇ ಅಂತೆ. ಹುಬ್ಬಳ್ಳಿಯವರಿಗೆ ಕಣ್ಣಿಲ್ಲವೆಂದು ಬೈಯುತ್ತ, ಸಾಕ್ಷಿಗೆ ಕಾಕುವಿಗೆ ಅದೇ ಸೀರೆ ಉಡಿಸಿಕೊಂಡು ಕಾಕಾ ಸ್ಟುಡಿಯೋಕ್ಕೆ ನುಗ್ಗಿದ. ತಲೆ ತಗ್ಗಿಸಿಕೊಂಡು ಹಿಂದೆ ನಾನು.

ಸ್ಟುಡಿಯೋದವನು ಎಲ್ಲಕ್ಕಿಂತ ಮೊದಲು ಹಾಕಿಸಿದ್ದ ಕಾಕುವಿನ ಪ್ರಿಂಟನ್ನು ಹುಡುಕಿ ತೆಗೆದು ಸೆರಗಿನ ಪಕ್ಕ ಹಿಡಿದ. ಬಣ್ಣಕ್ಕೆ ಬಣ್ಣ ಕೂಡಿತ್ತು.

"ಮಾಸ್ತರ್ರ, ಇದು ಮೊದಲ ಸರಿ ಇತ್ರಿ. ಸೀರಿ ಬಣ್ಣ ಹೋಗೈತ್ರಿ."

"ಎಲ್ಲಿ ಹೋಗೈತಿ?" ಕಾಕಾ ಸಿಡಿದ. "ಮದಿವ್ಯಾಗ ಹೆಂಗಿತ್ತೋ ಹಂಗ ಐತಿ!"

ನಗಬೇಕೆಂದು ಬಾಯಿ ತೆರೆದವನು ಹಾಗೇ ನಿಂತೆ. ಕಾಕಾ ಜಗಳಕ್ಕಾಗಿ ಹೇಳಿದ್ದಲ್ಲ, ನಂಬಿ ಹೇಳಿದ್ದ. ಒಗೆದೊಗೆದು ಇಟ್ಟಿಗೆಯ ಬಣ್ಣಕ್ಕಿಳಿದಿದ್ದ ಸೆರಗನ್ನು ಕಾಕು ಒಮ್ಮೆ ನೋಡಿಕೊಂಡಳು. ಗಂಡನ ಮುಖ ನೋಡಿದಳು. ನೆರೆತ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು ಸ್ಟುಡಿಯೋದವನಿಗೆ ಮೆಲ್ಲಗೆ ಹೇಳಿದಳು: "ಇರ್ಲಿ ಬಿಡಪಾ. ಆ ಕೆಂಪ ಪ್ರಿಂಟನ್ನ ಕಟ್ಟಿಕೊಡು."

ಮರುದಿನ ಬಾಗಿಲ ಎದುರಿನ ಗೋಡೆಯ ಮೇಲೆ ಕೆಂಪು ಚಂದ್ರ, ಪಕ್ಕದಲ್ಲಿ ಕೆಂಪು ಸೆರಗು ಹರಡಿದ ಕಾಕುವಿನ ಫೋಟೋ. ಬಂದವರೆಲ್ಲ ನಕ್ಕರು. ವರ್ಷಗಟ್ಟಲೆ ನಕ್ಕ ನನಗೆ ಅವತ್ತು ನಗು ಬರಲಿಲ್ಲ. ಆ ಹುಚ್ಚನ ಮೇಲೆ ಪ್ರೀತಿ ಉಕ್ಕಿತ್ತು.

"ಚಂದ್ರ ಇಷ್ಟು ಕೆಂಪ ಇರ್ತಾನೇನ್ರಿ, ಬಾಯಾರ?" ಎಂದು ಯಾರೋ ಅಲ್ಲೇ ನಿಂತಿದ್ದ ಕಾಕುವನ್ನು ಕೇಳಿದರು.

"ನಮ್ಮ ಮನಿಯಾವರ ಕಣ್ಣಿಗೆ ಇರ್ತಾನ್ರಿ," ಎಂದಳು ಕಾಕು, ಬಣ್ಣ ಹೋದ ಸೆರಗನ್ನು ಮೈತುಂಬ ಹೊದ್ದುಕೊಳ್ಳುತ್ತ.