ನೀಲವ್ವನ ಹಿತ್ತಲಿಗೆ ನಮ್ಮ ಮನೆಯ ನೀರು

ನದಿಗಳ ಹುಟ್ಟು, ಹರಿವು, ಇಳಿಜಾರುಗಳನ್ನು ಮಕ್ಕಳ ತಲೆಗೆ ತುಂಬುವ ಭೂಗೋಳದ ಮಾಸ್ತರ ನಾನು. ಕೃಷ್ಣೆ ಯಾವ ಕಡೆ ಹರಿಯುತ್ತಾಳೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೆ ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿನಲ್ಲಿ ಮನೆ ಕಟ್ಟಿಸಿದಾಗ, ನನ್ನದೇ ಅಂಗಳ ಯಾವ ಕಡೆ ವಾಲಿದೆ ಎಂಬುದು ಮೊದಲ ಮಳೆ ಬರುವವರೆಗೂ ನನಗೆ ತಿಳಿಯಲಿಲ್ಲ. ಪುರಸಭೆಯ ನಿಯಮವೇನೋ ಸರಳವಾಗಿತ್ತು. ಮನೆಯ ಮಳೆನೀರು ಬೀದಿಯ ಗಟಾರಕ್ಕೆ ಹೋಗಬೇಕು, ನೆರೆಯವರ ಜಾಗಕ್ಕೆ ಹೋಗಕೂಡದು. ಗಟಾರ ನಮ್ಮ ಅಂಗಳಕ್ಕಿಂತ ಮೊಳದಷ್ಟು ಎತ್ತರದಲ್ಲಿತ್ತು. ನಿಯಮ ಪಾಲಿಸಲು ನಾನು ಸಿದ್ಧನಿದ್ದೆ, ನೀರು ಒಪ್ಪಲಿಲ್ಲ.

ಅದು ನೆಟ್ಟಗೆ ಪಕ್ಕದ ಮನೆಯ ನೀಲವ್ವನ ಮಣ್ಣಿನ ಗೋಡೆಯ ಬುಡದಲ್ಲಿ ಹೋಗಿ ನಿಂತಿತು. ಗೋಡೆಯಾಚೆ ಅವರ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ನೇಯುವಂಥದು. ಮಗ್ಗದ ಮೇಲೆ ಮಗಳ ಮದುವೆಯ ಸೀರೆ ಅರ್ಧಕ್ಕೆ ಬಂದಿತ್ತು. ಗೋಡೆ ಕುಸಿದರೆ ಕುಣಿ ಬಾವಿಯಾಗುತ್ತಿತ್ತು. ನಾನು ಧೋತರ ಎತ್ತಿ ಕಟ್ಟಿ ಬಕೆಟ್ಟಿನಿಂದ ನೀರು ಮೊಗೆದು ಮೊಗೆದು ಚೆಲ್ಲುತ್ತಿದ್ದೆ. "ಎಲ್ಲಿ ಚೆಲ್ಲಾಕತ್ತೀರಿ ಅದನ್ನ?" ಎಂದು ಹೆಂಡತಿ ಕೇಳಿದ ಮೇಲೆಯೇ, ಅದೇ ಅಂಗಳಕ್ಕೆ ಚೆಲ್ಲುತ್ತಿರುವುದು ನನಗೆ ಗೊತ್ತಾದದ್ದು.

ಅಷ್ಟರಲ್ಲಿ ಗೋಡೆಯಾಚೆಯಿಂದ ನೀಲವ್ವನ ದನಿ ಕೇಳಿತು. "ಮಾಸ್ತರ, ಕುಣ್ಯಾಗ ಕಾಲಿಗೆ ತಣ್ಣಗ ಹತ್ತಾಕತ್ತೈತ್ರಿ! ಹಿತ್ತಲ ಮೂಲಿಂದ ದೂರ ಸರೀರಿ, ಗ್ವಾಡಿ ಒಡೀತೇನಿ." ನಾನು ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡಿದ್ದೆ. ಅವರು ಮಗ್ಗದಿಂದ ದೂರದ ಮೂಲೆಯಲ್ಲಿ ತಮ್ಮ ಗೋಡೆಗೆ ತಾವೇ ಹಾರೆ ಹಾಕಿ, ತಮ್ಮ ಹಿತ್ತಲಲ್ಲೇ ಕಾಲುವೆ ತೋಡಿ, ನನ್ನ ನೀರನ್ನು ಹಿಂದಿನ ಹಳ್ಳಕ್ಕೆ ದಾಟಿಸಿಬಿಟ್ಟರು. ಸೀರೆ ಉಳಿಯಿತು. ನಾನು ಬಕೆಟ್ಟು ಕೆಳಗಿಟ್ಟು, ಗೋಡೆ ಒಡೆದ ಆ ಕಿಂಡಿಯಿಂದಲೇ ಅವರಿಗೆ ಕೈ ಮುಗಿದೆ.

ವಾರ ಕಳೆಯುವಷ್ಟರಲ್ಲಿ ಪುರಸಭೆಯ ಓವರ್ಸಿಯರ್ ಬಂದರು. "ಒಬ್ಬರ ನೀರು ಮತ್ತೊಬ್ಬರ ಜಾಗಾದಾಗ ಹರಿಯೂಹಂಗಿಲ್ಲರಿ. ಈ ಕಿಂಡಿ ಮುಚ್ಚರಿ" ಎಂದರು. ಮುಚ್ಚಿದರೆ ಮುಂದಿನ ಮಳೆಗೆ ಮಗ್ಗದ ಗತಿಯೇನು? ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅವರ ನೀರು ಎಲ್ಲೈತ್ರಿ ಸಾಹೇಬ್ರ? ನನ್ನ ಕರಿಬೇವಿನ ಗಿಡಕ್ಕಂತ ನಾನ ಕೇಳಿ ಇಸ್ಕೊಂಡೀನಿ. ಬಾಜೂ ಮನಿಯವರು ಕೊಟ್ಟಿದ್ದನ್ನ ತಿರುಗಿ ಕಳಸೂದು ನಮ್ಮಲ್ಲಿ ಇಲ್ಲರಿ" ಎಂದರು. ಹಿತ್ತಲಲ್ಲಿ ಕರಿಬೇವಿನ ಗಿಡವೇ ಇರಲಿಲ್ಲ. ಸಾಹೇಬರು ಕಾಲುವೆಯನ್ನೊಮ್ಮೆ, ಮಗ್ಗವನ್ನೊಮ್ಮೆ ನೋಡಿ, ಚಹಾ ಕುಡಿದು ಹೋದರು. ಮರುದಿನವೇ ನೀಲವ್ವ ಸಸಿ ತಂದು ನೆಟ್ಟರು.

ಆ ಉಪಕಾರವನ್ನು ನಾನು ಮರೆತಿಲ್ಲ. ಮರೆಯಲು ಅವರು ಬಿಡುವುದೂ ಇಲ್ಲ. ಬೇಸಿಗೆ ಬಂತೆಂದರೆ ಕಿಂಡಿಯಿಂದ ಕೂಗುತ್ತಾರೆ, "ಮಾಸ್ತರ, ಗಿಡ ಒಣಗಾಕತ್ತೈತಿ, ನಿಮ್ಮ ನೀರು ಎಲ್ಲೈತ್ರಿ?" ಮಳೆಯನ್ನು ನಾನೆಲ್ಲಿಂದ ತರಲಿ? ಬಚ್ಚಲ ನೀರನ್ನೇ ಆ ಕಡೆ ತಿರುಗಿಸಿದ್ದೇನೆ. ಸ್ನಾನವೆಂದರೆ ನೆಪ ಹುಡುಕುತ್ತಿದ್ದ ನಾನು ಈಗ ದಿನಾ ಸ್ನಾನ ಮಾಡುತ್ತೇನೆ, ಎಲೆ ಬಾಡಿದ ದಿನ ಎರಡು ಸಲ. ನಮ್ಮ ಮನೆಯಲ್ಲಿ ನೀಲವ್ವನಿಗೆ ನನಗಿಂತ ಹೆಚ್ಚು ಕೃತಜ್ಞಳಾಗಿರುವವಳು ನನ್ನ ಹೆಂಡತಿ.